ಕುಣಿ

ಕಪ್ಪತಗುಡ್ಡದ ಬೆನ್ನ ಮೇಲೆ ಗಾಳಿಯದೇ ಸಂಸಾರ.
ಗಿರಿಗಿರಿ ರೆಕ್ಕೆಯ ಬಿಳಿ ಕಂಬಗಳ ಕೆಳಗೆ
ಬಾದೆಹುಲ್ಲು ಒಂದೇ ದಿಕ್ಕಿಗೆ ಮಲಗಿದ ಹೊತ್ತು,
ಬೆಂಕಿ ಕಾಯುವ ಡೋಣಿಯ ಮೈಲಾರೆಪ್ಪ
ಚಪ್ಪಲಿ ಕಳಚಿ, ಕೆಂಪು ದಿನ್ನೆಯೆದುರು ಕುಕ್ಕರಗಾಲಲ್ಲಿ ಕೂತು
ಕಡ್ಡಿಯಿಂದ ತೋರಿಸಿದ:
“ಅಕ್ಕಾರ, ಇಲ್ಲೊಂದು ಬಾಗಲಾ ಐತ್ರಿ.”

ನನಗೆ ಕಂಡದ್ದು ಬರೀ ಮಣ್ಣು.
ಮಣ್ಣಿಗೆ ಮಣ್ಣಿನದೇ ಮುಚ್ಚಳ, ಮೇಲೆ ಒಣಪಾಚಿ,
ಎಂಟಾಣೆ ಬಿಲ್ಲೆಗಿಂತ ಚೂರು ಅಗಲ.
ಉಗುರು ತಾಗಿಸಿದರೆ ಒಳಗಿನಿಂದ ಯಾರೋ
ಎಳೆದು ಹಿಡಿದರು.
ಸೀರೆ ಮಡಿಸುವಾಗ ಆಚೆ ತುದಿಯಲ್ಲಿ
ಅವ್ವ ಇದ್ದಂತೆ.

ಅಗೆದೆವು.
ಒಂದು ಗೇಣು ಆಳ, ಗೋಡೆಗೆ ರೇಷ್ಮೆಯ ಗಿಲಾವು,
ತಳದಲ್ಲಿ ಅವಳು. ಹುಣಸೆಬೀಜದ ಬಣ್ಣ,
ಎಂಟೂ ಕಣ್ಣು ಒಂದೇ ದಿಬ್ಬದ ಮೇಲೆ ಒತ್ತೊತ್ತಾಗಿ.
ಓಡಲಿಲ್ಲ. ಮುಂಗಾಲೆತ್ತಿ ನಿಂತಳು
ಬಾಕಿ ಕೇಳಲು ಬಂದವರೆದುರು ನಿಂತ ಹಾಗೆ.
ಶೀಶೆಯಲ್ಲಿ ಸ್ಪಿರಿಟ್ಟಿತ್ತು. ಮುಂದಿನದನ್ನು
ವಿಜ್ಞಾನ ಒಂದೇ ಪದದಲ್ಲಿ ಬರೆಯುತ್ತದೆ:
ಸಂಗ್ರಹಿಸಲಾಯಿತು.

ಗದಗಿನ ಕಾಲೇಜು, ಎರಡನೆಯ ಮಹಡಿ, ನಲ್ಲಿ ಸೋರುವ ಪ್ರಯೋಗಶಾಲೆ.
ಮೂರು ವಾರ ಅಳೆದೆ. ಕಾಲಿನ ಗೆಣ್ಣು ಗೆಣ್ಣಿಗೂ ಮಿಲಿಮೀಟರು,
ದವಡೆಯ ಹಲ್ಲು ಹೊರಸಾಲಿಗೆ ಏಳು, ಒಳಸಾಲಿಗೆ ಐದು,
ಹೊಟ್ಟೆಯ ತುದಿಗೆ ನೂಲು ಬಿಡುವ ಮೊಲೆ ನಾಲ್ಕು.
ಪುಣೆಯ, ಕೋಲ್ಕತ್ತೆಯ, ಲಂಡನ್ನಿನ ಹಳೆಯ ಚಿತ್ರಗಳ ಪಕ್ಕ ಇಟ್ಟು
ಇವಳಲ್ಲ, ಇವಳಲ್ಲ, ಇವಳೂ ಅಲ್ಲ ಎಂದು
ಗೀಟು ಹೊಡೆಯುತ್ತ ಹೋದೆ.
ಹೊಸದು ಸಿಗುವುದು ಹೀಗೇ:
ಯಾರೂ ಅಲ್ಲದವಳು ಉಳಿಯುವ ತನಕ.

ಒಂದು ಭಾನುವಾರ ಬೆಟಗೇರಿಯಿಂದ ಅಪ್ಪ ಬುತ್ತಿ ತಂದ.
ನಲವತ್ತು ವರ್ಷ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವನು.
ಊರು ನಮ್ಮನ್ನು ಜಾಡರು ಅನ್ನುತ್ತದೆ;
ಜೇಡಕ್ಕೂ ನಮಗೂ ಒಂದು ಏತ್ವದಷ್ಟೇ ದೂರ.
ಅವನು ಜೇಡವನ್ನು ನೋಡಲಿಲ್ಲ, ಬಾಗಿಲನ್ನು ಕೇಳಿದ.
ಅಂಗೈ ಮೇಲಿಟ್ಟು, ಕನ್ನಡಕ ಹಣೆಗೇರಿಸಿ,
ಒಳಮೈಯನ್ನು ಬೆರಳಿಂದಲೇ ಓದಿದ:

“ಇದು ಒಮ್ಮೆಲೆ ನೇಯ್ದದ್ದಲ್ಲವ್ವಾ.
ಮೈ ದೊಡ್ಡದಾದಂಗೆಲ್ಲಾ ದಡಿ ಕೂಡಿಸ್ಯಾಳ.
ಒಂದು, ಎರಡು… ಹದಿನಾಲ್ಕು.
ಹಳೇದು ಒಂದೂ ಬಿಚ್ಚಿಲ್ಲ ನೋಡು.”
ಆಮೇಲೆ ಶೀಶೆಯ ಕಡೆ ತಿರುಗಿ, ಮೆಲ್ಲಗೆ,
“ಇಷ್ಟು ದಿನ ಒಂದ ಕುಣ್ಯಾಗ ಕುಂತಾಕಿನ್ನ
ಎಬ್ಬಿಸಿದ್ಯಾ?”

ಆ ಪ್ರಶ್ನೆಗೆ ನಮೂನೆಯಲ್ಲಿ ಕಾಲಂ ಇಲ್ಲ.
ಪದಮೂಲ ಎಂಬಲ್ಲಿ ಬರೆದೆ: ಕನ್ನಡದ ‘ಕುಣಿ’,
ನೇಕಾರ ಕಾಲು ಇಳಿಬಿಡುವ ತಗ್ಗು.
ಲ್ಯಾಟಿನ್ನಿನ ಬಾಲ ಅಂಟಿಸಿದೆ;
ನಮ್ಮೋಣಿಯ ಮಾತು ಕೋಟು ತೊಟ್ಟು
ಫೋಟೋಕ್ಕೆ ನಿಂತಂತಾಯಿತು.
ಗಂಡು: ತಿಳಿದಿಲ್ಲ. ಅಷ್ಟು ಬರೆದು ಕಾದೆ.

ಮೊದಲ ಮಳೆಯ ಮಾರನೆಯ ರಾತ್ರಿ ಮೈಲಾರೆಪ್ಪನ ಫೋನು.
ತಲೆಗೆ ಕಟ್ಟಿದ ಟಾರ್ಚಿನ ಬೆಳಕಲ್ಲಿ
ನಾವು ಅಗೆದ ತಗ್ಗಿನ ಅಂಚಿಗೆ ಅವನಿದ್ದ,
ಸಣಕಲ, ಕಡ್ಡಿಗಾಲಿನವ,
ಎಷ್ಟು ದೂರದಿಂದ ಜಾಡು ಹಿಡಿದು ಬಂದಿದ್ದನೋ.
ಬಾಗಿಲಿದ್ದ ಜಾಗವನ್ನು ಮುಂಗಾಲಿಂದ ತಟ್ಟುತ್ತಿದ್ದ.
ತಟ್ಟಿ, ನಿಂತು,
ಮತ್ತೆ ತಟ್ಟಿ.

ಎರಡನೆಯ ಶೀಶೆ ನನ್ನ ಜೇಬಿನಲ್ಲಿತ್ತು.

ಪ್ರಬಂಧದ ಹನ್ನೊಂದನೆಯ ಪುಟ ನೋಡಿ:
ಗಂಡು ೧, ಅದೇ ಸ್ಥಳ, ಅದೇ ಸಂಗ್ರಾಹಕಿ.

ಬಾಗಿಲು ಮಾತ್ರ ಯಾವ ಸಂಗ್ರಹಾಲಯಕ್ಕೂ ಹೋಗಲಿಲ್ಲ.
ಅಪ್ಪ ಕೊಡಲೊಲ್ಲ.
ಮಗ್ಗದ ಪಕ್ಕದ ಗೂಡಿನಲ್ಲಿ, ಹಳೆಯ ಲಾಳಿಯ ಜೊತೆ ಇಟ್ಟಿದ್ದಾನೆ.
ಕರೆಂಟು ಹೋದ ರಾತ್ರಿ ಕತ್ತಲಲ್ಲಿ ಅದನ್ನು ತೆಗೆದು
ದಡಿ ಎಣಿಸುವುದು ಕೇಳಿಸುತ್ತದೆ.
ಒಮ್ಮೊಮ್ಮೆ ಎಣಿಕೆ ಹದಿನೈದಕ್ಕೆ ಹೋಗುತ್ತದೆ.
ನಾನು ತಿದ್ದುವುದಿಲ್ಲ.